ಏಡನ್ನಿಗೆ ಹೋದ ಉಡಿಯಕ್ಕಿ

"ಅವ್ವಾ, ಕುಲಸುಮ ನಾನಿ ಎಲಿ ಬುಟ್ಟಿಗೆ ಯಾಕ ಉಡಿ ತುಂಬತಾಳ? ಬುಟ್ಟಿ ಗಂಡನ ಮನಿಗೆ ಹೊಂಟೈತೇನು?"

ಪಾರಿ ಇದನ್ನು ಕೇಳಿದಾಗ ಹಾಲವ್ವ ಮಗಳ ತಲೆಗೆ ಎಣ್ಣೆಯೊತ್ತಿ ಜಡೆ ಹೆಣೆಯುತ್ತಿದ್ದಳು. ಮೊದಲು ನಗು ಬಂತು. ಆಮೇಲೆ ಜಡೆ ಹಿಡಿದ ಕೈ ಅಲ್ಲೇ ನಿಂತಿತು.

"ನೀ ಯಾವಾಗ ನೋಡಿದಿ?"

"ಈಗ. ಅಕ್ಕಿ ಗಂಟ ಕಟ್ಟಿ ಎಲಿ ನಡುವ ಇಟ್ಲು. ಯಾರ ಮುಂದೂ ಹೇಳಬ್ಯಾಡ ಅಂದ್ಲು."

ಹೇಳಬೇಡ ಎಂದದ್ದನ್ನೂ ಸೇರಿಸಿ ಹೇಳಿ ಮುಗಿಸಿದ ಹುಡುಗಿ ಅರ್ಧ ಜಡೆಯಲ್ಲೇ ಅಂಗಳಕ್ಕೆ ಓಡಿದಳು.

ಯುದ್ಧ ಸುರುವಾಗಿ ನಾಲ್ಕನೆಯ ವರ್ಷ. ಅಕ್ಕಿಗೂ ಜೋಳಕ್ಕೂ ರೇಷನ್ ಬಂದಿತ್ತು. ಪರವಾನಗಿ ಇಲ್ಲದೆ ಒಂದು ಸೇರು ಕಾಳನ್ನೂ ತಪಾಸಣೆಯ ನಾಕಾ ದಾಟಿಸುವಂತಿರಲಿಲ್ಲ. ವೀಳ್ಯದೆಲೆಯ ಬುಟ್ಟಿಯಲ್ಲಿ ಅಕ್ಕಿ ಇಡಬಾರದೆಂದು ಮಾವ ಶಿದ್ಲಿಂಗಪ್ಪ ಖಡಾಖಂಡಿತ ಹೇಳಿದ್ದರು, ಕುಲಸುಮಬಿಯೂ ಹೂಂ ಎಂದು ತಲೆಯಾಡಿಸಿದ್ದಳು. ಒಲೆಯ ಮೇಲಿನ ಹಾಲು ಇಳಿಸಿ, ಹಿತ್ತಲ ಬಾಗಿಲು ದಾಟಿ ಹಾಲವ್ವ ಬುಟ್ಟಿ ಕಟ್ಟುವ ಎಲೆಖೋಲಿಗೆ ಹೋಗುವಷ್ಟರಲ್ಲಿ ಬುಟ್ಟಿ ಹೇರಿಕೊಂಡ ಚಕ್ಕಡಿಗಳು ಯಲವಿಗಿ ಸ್ಟೇಷನ್ನಿನ ದಾರಿ ಹಿಡಿದಾಗಿತ್ತು. ಕುಲಸುಮಬಿ ಎಲ್ಲಿ ಎಂದು ಕೇಳಿದರೆ, ಉಣ್ಣಲು ಮನೆಗೆ ಹೋಗಿದ್ದಾಳೆ ಎಂದರು.

ಮಗಳಿಗೆ ಆ ಹೊತ್ತು ಉತ್ತರ ಸಿಗಲಿಲ್ಲ. ಕೊಡಬೇಕೆಂದರೆ ಪಾರಿ ಹುಟ್ಟುವುದಕ್ಕೂ ಮೊದಲಿನಿಂದ ಹೇಳಿಕೊಂಡು ಬರಬೇಕಾಗಿತ್ತು.

ಕುಲಸುಮಬಿ ಸವಣೂರಿನ ಎಲೆತೋಟಗಳ ನಡುವೆಯೇ ಹುಟ್ಟಿದವಳು. ತಂದೆ ಬಳ್ಳಿ ಕಟ್ಟುವ ಆಳು. ನಡೆಯಲು ಕಲಿತದ್ದೇ ಬಳ್ಳಿಸಾಲಿನ ನೆರಳಿನಲ್ಲಿ ಎಂದು ಅವಳು ಹೇಳಿಕೊಳ್ಳುತ್ತಿದ್ದಳು. ಶಿಗ್ಗಾಂವಿಗೆ ಮದುವೆ ಮಾಡಿಕೊಟ್ಟಿದ್ದರು. ಗಂಡ ಬಾಡಿಗೆ ಚಕ್ಕಡಿ ಹೊಡೆಯುತ್ತಿದ್ದ. ಕಾಲರಾ ಬಂದ ವರ್ಷ ಮುಂಜಾನೆ ಎತ್ತು ಹೂಡಿ ಹೋದವನು ಸಂಜೆ ಅದೇ ಚಕ್ಕಡಿಯಲ್ಲಿ ಮಲಗಿಕೊಂಡು ಬಂದ. ದೊಡ್ಡ ಮಗಳ ಕೈ ಹಿಡಿದು, ಸಣ್ಣವಳು ಮುಮ್ತಾಜಳನ್ನು ಬಗಲಿಗೇರಿಸಿ ಕುಲಸುಮಬಿ ಸವಣೂರಿಗೆ ತಿರುಗಿ ಬಂದು, ಶಿದ್ಲಿಂಗಪ್ಪನವರ ಎಲೆಖೋಲಿಯಲ್ಲಿ ಕೂತಳು. ಕೂತವಳು ಏಳಲಿಲ್ಲ.

ಬುಟ್ಟಿ ಕಟ್ಟುವುದೆಂದರೆ ಎಲೆ ತುರುಕಿ ಬಾಯಿ ಹೊಲಿಯುವುದಲ್ಲ. ಬುಟ್ಟಿಯ ಒಳಮೈಗೆ ಬಾಳೆಎಲೆ, ಅದರ ಮೇಲೆ ನೆನೆಸಿದ ಹುಲ್ಲು, ತೊಟ್ಟೆಲ್ಲ ಒಂದೇ ಕಡೆ ಮಾಡಿ ಜೋಡಿಸಿದ ಎಲೆಯ ಕಟ್ಟು. ಒಂದು ಎಲೆಯ ಅಂಚು ಕರಗಿದ್ದರೂ ಇಡೀ ಬುಟ್ಟಿ ದಾರಿಯಲ್ಲೇ ಕೊಳೆಯುತ್ತದೆ. ಕುಲಸುಮಬಿ ಎಲ್ಲ ಮುಗಿಸಿ, ಗೋಣಿತಾಟಿನ ಬಾಯಿ ಹೊಲಿಯಲು ದಬ್ಬಣ ಎತ್ತುವ ಮೊದಲು ಒಂದು ಕೆಲಸ ಮಾಡುತ್ತಿದ್ದಳು. ಕುಬಸದ ಖಣದ ಚೂರಿನಲ್ಲಿ ಒಂದು ಹಿಡಿ ಅಕ್ಕಿ, ಒಂದು ಅರಿಷಿಣ ಕೊಂಬು ಕಟ್ಟಿ ಎಲೆಗಳ ಎದೆಯಲ್ಲಿ ಇಡುತ್ತಿದ್ದಳು. ಮನೆ ಬಿಟ್ಟು ದೂರ ಹೋಗುವುದು ಯಾವುದೇ ಇರಲಿ, ಮಡಿಲು ತುಂಬದೆ ಬರಿಯ ಉಡಿಯಲ್ಲಿ ಕಳಿಸಬಾರದೆಂಬುದು ಅವಳ ಮಾತು. ಜೊತೆಗಿನ ಹೆಂಗಸರು ಬಿಡುತ್ತಿರಲಿಲ್ಲ. ದಾನವ್ವ ಎಂಬಾಕೆಯಂತೂ ದಿನಕ್ಕೊಂದು ಸುದ್ದಿ ಕಟ್ಟುತ್ತಿದ್ದಳು. "ಕುಲಸುಮಾ, ನಿನ್ನ ಮಗಳು ಮುಂಬೈ ಮುಟ್ಟಿದ್ಲಂತ. ಅತ್ತಿ ಕಾಟ ಭಾಳಂತ, ಬಾಯಾಗ ಹಾಕ್ಕೊಂಡು ಜಗದು ಉಗಳ್ತಾಳಂತ."

ಹಾಲವ್ವ ಹಾನಗಲ್ ಕಡೆಯ ಆಡೂರಿನಿಂದ ಸೊಸೆಯಾಗಿ ಬಂದಾಗ ತವರಿನ ಸಣ್ಣಕ್ಕಿಯ ಚೀಲಗಳೂ ಹಿಂದೆಯೇ ಬಂದವು. ತಂದೆ ಕರಬಸಪ್ಪನವರ ಗದ್ದೆಯ ಅಕ್ಕಿ. ಬೇಯಿಸಿದರೆ ಓಣಿಯ ತುದಿಗೆ ವಾಸನೆ ಹೋಗುತ್ತಿತ್ತು. ಹೊಸ ಸೊಸೆಯನ್ನು ನೋಡಲು ಬಂದ ಕುಲಸುಮಬಿ ಒಂದು ಹಿಡಿ ಅಕ್ಕಿ ಮೂಸಿ ನೋಡಿ, ಇದನ್ನು ನನ್ನ ಬುಟ್ಟಿಗೆ ಹಾಕಲೇ ಎಂದು ಕೇಳಿದಳು. ಯಾವ ಬುಟ್ಟಿ, ಏಕೆ ಎಂದು ತಿಳಿಯದಿದ್ದರೂ ಹಾಲವ್ವ ಹೂಂ ಎಂದಳು. ಹೊಸ ಊರಿನಲ್ಲಿ ತನ್ನನ್ನು ಮೊದಲು ಏನಾದರೂ ಕೇಳಿದವಳು ಕುಲಸುಮಬಿಯೇ. ಅಂದಿನಿಂದ ಬುಟ್ಟಿಯ ಉಡಿಗೆ ಈ ಮನೆಯ ಉಗ್ರಾಣದ ಅಕ್ಕಿಯೇ ಆಯಿತು.

ಮೂರು ತಿಂಗಳ ಮೇಲೆ ಹುಬ್ಬಳ್ಳಿಯ ದಲಾಲನೊಬ್ಬ ಪಡಸಾಲೆಗೆ ಬಂದು ಕೂತ. ಎಲೆ ಮುಂಬೈಗೆ, ಅಲ್ಲಿಂದ ಸ್ಟೀಮರಿನಲ್ಲಿ ಸಮುದ್ರದ ಆಚೆಯ ಏಡನ್ ಬಂದರಿಗೆ ಹೋಗುತ್ತದೆ, ಅಲ್ಲಿ ತಯ್ಯಬಅಲಿ ಸೇಠ ಎಂಬವರು ಕೊಳ್ಳುತ್ತಾರೆ ಎಂಬುದಷ್ಟೇ ಮನೆಯವರಿಗೆ ಗೊತ್ತಿತ್ತು. ದಲಾಲ ಚಹ ಕುಡಿದು ಬಾಯೊರೆಸಿಕೊಂಡು ಹೇಳಿದ.

"ನಮೂನಿ ಸೇಠಗ ಪಸಂದ ಆಗೇತ್ರಿ ಸಾವಕಾರ್ರ. ಐವತ್ತು ಚೀಲ ಬೇಕಂತ. ಅರಿಷಿಣ ಮಾತ್ರ ಬ್ಯಾಡಂತ, ಕೊಂಬು ಸಣ್ಣದಾತಂತ."

ಶಿದ್ಲಿಂಗಪ್ಪ ಬಾಯಿಯೊಳಗಿನ ಅಡಿಕೆ ಅಗಿಯುವುದನ್ನು ಬಿಟ್ಟರು. ತಾನು ಎಲೆಯ ವ್ಯಾಪಾರಿ, ತನ್ನ ಮನೆಯಲ್ಲಿ ಉಣ್ಣುವಷ್ಟು ಬಿಟ್ಟರೆ ಅಕ್ಕಿ ಇಲ್ಲ, ಯಾರಿಗೂ ನಮೂನೆ ಕಳಿಸಿಲ್ಲ ಎಂದರು. ದಲಾಲ ಕಿಸೆಯಿಂದ ಒಂದು ಗಂಟು ತೆಗೆದು ಬಿಚ್ಚಿದ. ಹಸಿರು ಖಣ, ಹಳದಿ ಅಂಚು. ಒಳಗೆ ಆಡೂರಿನ ಸಣ್ಣಕ್ಕಿ, ಜೊತೆಗೊಂದು ಅರಿಷಿಣ ಕೊಂಬು. ಬಾಗಿಲ ಸಂದಿಯಲ್ಲಿ ನಿಂತಿದ್ದ ಹಾಲವ್ವ ಆ ಅರಿವೆಯನ್ನು ಗುರುತಿಸಿದಳು. ಅದು ತಾನೇ ಕುಲಸುಮಬಿಗೆ ಕೊಟ್ಟಿದ್ದ, ತನ್ನ ಮದುವೆಯ ಕುಬಸದ ಚೂರು.

ಅರಿವೆಯಲ್ಲಿ ಒಂದು ಹಿಡಿ ಕಾಳು ಕಟ್ಟಿ ಕಳಿಸಿದರೆ ವ್ಯಾಪಾರಸ್ಥರ ಲೋಕದಲ್ಲಿ ಅದಕ್ಕೆ ಒಂದೇ ಅರ್ಥ: ಇಂಥ ಮಾಲು ನಮ್ಮ ಕಡೆ ಇದೆ, ಬೇಕಾದರೆ ಹೇಳು. ಸಮುದ್ರದ ಆಚೆ ಕೂತ ಸೇಠನಿಗೆ ಉಡಿ ಕಾಣಲಿಲ್ಲ, ಮಾಲು ಕಂಡಿತು. ಬೇಯಿಸಿ ನೋಡಿದ, ರುಚಿ ಹತ್ತಿತು.

ಕುಲಸುಮಬಿಯನ್ನು ಕರೆಸಿದರು. ಗಂಟನ್ನು ನೋಡಿದ್ದೇ ಅವಳು ಗರ ಬಡಿದವಳಂತೆ ನಿಂತಳು. ಕೆಲಸ ಹೋಯಿತು ಎಂದೇ ಅವಳ ಲೆಕ್ಕ. ಆದರೆ ಅವಳ ಬಾಯಿಂದ ಮೊದಲು ಬಂದ ಮಾತೇ ಬೇರೆ.

"ಉಡಿ ತಿರುಗಿ ಕಳಸ್ಯಾನೇನ್ರಿ ಅಂವ?"

ಶಿದ್ಲಿಂಗಪ್ಪ ಅವಳನ್ನೂ ನೋಡಿದರು, ಅಕ್ಕಿಯನ್ನೂ ನೋಡಿದರು. ಆಮೇಲೆ ಸೊಸೆಯ ಕಡೆ ತಿರುಗಿ, ನಿಮ್ಮಪ್ಪಗ ಬರಾಕ ಹೇಳಿ ಕಳಸವ್ವ ಎಂದರು.

ಅಲ್ಲಿಂದ ನಡೆದದ್ದನ್ನು ನೋಡಿದವರು ನೋಡಿದಂತೆ ದಂಗಾಗಿ ನಿಂತರು. ಆಡೂರಿನ ಭತ್ತ ಚಕ್ಕಡಿಯಲ್ಲಿ ಶಿಗ್ಗಾಂವಿಗೆ ಬರತೊಡಗಿತು. ಒನಕೆಯಲ್ಲಿ ಕುಟ್ಟಿದರೆ ಕಾಳು ಮುರಿಯುತ್ತದೆಂದು ಸೇಠ ಅರ್ಧ ಪಾಲು ಹಾಕಿ ಒಂದು ಅಕ್ಕಿ ಗಿರಣಿಯ ಯಂತ್ರ ಕಳಿಸಿದ, ಅದನ್ನು ಕೂರಿಸಲು ಮುಂಬೈಯಿಂದ ಒಬ್ಬ ಮಿಸ್ತ್ರಿ ಬಂದ. ಆ ಮಿಸ್ತ್ರಿ ಒಂದು ಮಳೆಗಾಲವೆಲ್ಲ ಇದ್ದು ಊರಿನ ಇಬ್ಬರು ಕಮ್ಮಾರರ ಮಕ್ಕಳಿಗೆ ಇಂಜಿನ್ ಬಿಚ್ಚಿ ಜೋಡಿಸುವುದನ್ನು ಕಲಿಸಿದ. ಮೊದಲ ದಿನ ಇಂಜಿನ್ ಗುಡುಗಿದಾಗ ಎತ್ತುಗಳು ನೊಗ ಕಿತ್ತುಕೊಂಡು ಓಡಿದವು. ಯಂತ್ರದ ಬಾಯಿಂದ ಬೆಳ್ಳಗೆ ಅಕ್ಕಿ ಸುರಿಯುವುದನ್ನು ಕಂಡು ಕರಬಸಪ್ಪನವರು, ಇದು ನಮ್ಮ ಹೊಲದ್ದು ಹೌದೇ ಎಂದು ಮುಟ್ಟಿ ಮುಟ್ಟಿ ನೋಡಿದರು. ಎಲ್ಲರೂ ಯಂತ್ರ ನೋಡುತ್ತಿದ್ದರೆ ಕುಲಸುಮಬಿ ಗೋಡೆಗೆ ಆತು ನಿಂತ, ಭತ್ತ ಕುಟ್ಟುವ ಹೆಂಗಸರನ್ನು ನೋಡುತ್ತಿದ್ದಳು. ಇವರು ಇನ್ನು ಏನು ಮಾಡಬೇಕು ಎಂದು ಅಲ್ಲೇ ಕೇಳಿದಳು. ಯಾರಿಗೂ ಆ ಮಾತು ರುಚಿಸಲಿಲ್ಲ. ಕೆಲವರಿಗೆ ಗಿರಣಿಯಲ್ಲೇ ಕೇರುವ, ಜರಡಿ ಹಿಡಿಯುವ ಕೆಲಸ ಸಿಕ್ಕಿತು. ಎಲ್ಲರಿಗೂ ಸಿಗಲಿಲ್ಲ.

ಪಾರಿ ಹೊಟ್ಟೆಯಲ್ಲಿದ್ದಾಗ ಸೇಠನ ಸೋದರಳಿಯ ಹುಸೇನಅಲಿ ಏಡನ್ನಿನಿಂದ ಬಂದ. ತೆಳ್ಳಗಿನ ಹುಡುಗ, ಬಿಳಿಯ ಟೊಪ್ಪಿಗೆ. ಏಡನ್ನಿನ ಬಿಸಿಲಿಗೆ ಎಲೆ ಅರ್ಧಕ್ಕರ್ಧ ಕರಗುತ್ತಿದೆ, ಕುಲಸುಮಬಿಯ ಬುಟ್ಟಿ ಮಾತ್ರ ಹಸಿರಾಗಿಯೇ ಇರುತ್ತದೆ, ಅದನ್ನು ಬಿಚ್ಚಿ ತಿರುವಿ ಮತ್ತೆ ಕಟ್ಟುವ ವಿದ್ಯೆ ಕಲಿತು ಹೋಗಲು ಬಂದಿದ್ದೇನೆ ಎಂದ. ಅವನ ಗುಜರಾತಿ ಬೆರೆತ ಹಿಂದೂಸ್ತಾನಿ, ಇವಳ ಸವಣೂರಿನ ಉರ್ದು. ಒಬ್ಬರ ಮಾತಿಗೆ ಇನ್ನೊಬ್ಬರು ನಗುತ್ತಲೇ ಹದಿನೈದು ದಿನ ಕಳೆಯಿತು. ತೊಟ್ಟು ಅಡ್ಡತಿಡ್ಡ ಇಟ್ಟರೆ ಅವಳು ಅವನ ಕೈಮೇಲೆ ಸುತಳಿಯಿಂದ ಹೊಡೆಯುತ್ತಿದ್ದಳು. ಸಾವಕಾರ ಮನೆತನದ ಹುಡುಗ, ಹೊಡೆಸಿಕೊಂಡು ಕಲಿತ.

ಹೊರಡುವಾಗ, ಏನು ಕೊಡಲಿ ಎಂದು ಕೇಳಿದ. ರೇಶಿಮೆ ಸೀರೆ ಕೇಳು ಎಂದು ದಾನವ್ವ ಹಿಂದಿನಿಂದ ತಿವಿದಳು. ಕುಲಸುಮಬಿ ಸೀರೆ ಕೇಳಲಿಲ್ಲ. "ನಾ ನಿನಗ ಕೈಯಾಗಿಂದು ಕಲಿಸೇನಿ. ನೀ ನನ್ನ ಮುಮ್ತಾಜಗ ಕಣ್ಣಾಗಿಂದು ಕಲಸು" ಎಂದಳು. ಓದು ಬರಹ ಎಂಬುದಕ್ಕೆ ಅವಳಿಗೆ ಗೊತ್ತಿದ್ದ ಮಾತು ಅದು.

ಹುಸೇನಅಲಿ ಆ ಮಾತನ್ನು ಕಟ್ಟಿಕೊಂಡು ಹೋದ, ಮಾವನ ಮುಂದೆ ಬಿಚ್ಚಿದ. ಆರು ತಿಂಗಳಲ್ಲಿ ಎಲೆಖೋಲಿಯ ಮುಂದಿನ ಪಡಸಾಲೆಯಲ್ಲಿ ಹೆಣ್ಣುಮಕ್ಕಳ ಸಾಲೆ ಸುರುವಾಯಿತು. ಖರ್ಚು ಅರ್ಧ ಏಡನ್ನಿನದು, ಅರ್ಧ ಶಿದ್ಲಿಂಗಪ್ಪನವರದು. ಕಲಿಸಲು ಹಿರೇಕೆರೂರ ಕಡೆಯ ಹಂಸಭಾವಿಯಿಂದ ವೀರವ್ವ ಎಂಬ ಅಕ್ಕೋರು ಬಂದರು. ಎಲೆ ಜೋಡಿಸುವವರ ಮಕ್ಕಳು, ಬಳ್ಳಿ ಕಟ್ಟುವವರ ಮಕ್ಕಳು, ಒಬ್ಬೊಬ್ಬರಾಗಿ ಬಂದು ಕೂತರು. ಮುಮ್ತಾಜ ಎಲ್ಲರಿಗಿಂತ ಮುಂದೆ ಹೋದಳು. ವೀರವ್ವ ಅಕ್ಕೋರು ಅವಳನ್ನು ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆಗೆ ಕೂರಿಸಿದರು, ಪಾಸಾಯಿತು. ಮುಂಬೈಯ ಹೆಂಗಸರ ದವಾಖಾನೆಯೊಂದರಲ್ಲಿ ಹೆರಿಗೆ ಬಾಣಂತನದ ಕೆಲಸ ಕಲಿಯಲು ಸೇಠನ ವ್ಯಾಪಾರದ ಪೇಢಿಯವರು ಜಾಗ ಹಿಡಿದರು, ಇರುವುದು ಉಣ್ಣುವುದು ಪೇಢಿಯದೇ ಎಂದರು. ಹೆರಿಗೆಯಲ್ಲಿ ಪಾರಿ ಅಡ್ಡ ಬಂದು ಎರಡು ದಿನ ನರಳಿದ್ದ ಹಾಲವ್ವನಿಗೆ ಆ ಸುದ್ದಿ ಕೇಳಿ ಕಣ್ಣಲ್ಲಿ ನೀರು ಬಂತು. ಸವಣೂರಿನಲ್ಲಿ ಕೈ ತೊಳೆದುಕೊಂಡು ಬಾಣಂತಿಯನ್ನು ಮುಟ್ಟುವವರು ಆಗ ಯಾರಿದ್ದರು?

ಇದರ ನಡುವೆಯೇ ಯುದ್ಧ ಬಂದಿತ್ತು. ಅಕ್ಕಿ ಹೊರದೇಶಕ್ಕೆ ಹೋಗಬಾರದೆಂದಾಯಿತು, ಶಿಗ್ಗಾಂವಿಯ ಗಿರಣಿ ಸರಕಾರದ ಭತ್ತ ಅರೆಯತೊಡಗಿತು. ಏಡನ್ನಿಗೂ ಸವಣೂರಿಗೂ ನಡುವೆ ಉಳಿದದ್ದು ಎಲೆಬುಟ್ಟಿ ಒಂದೇ. ಸ್ಟೀಮರು ಸಿಕ್ಕಾಗ ಅದು ಹೋಗುತ್ತಿತ್ತು. ಹಾಲವ್ವನ ಗಂಡ ಶಂಕ್ರಪ್ಪ ಸ್ಟೀಮರು ಕಾಯುತ್ತ ಮುಂಬೈಯಲ್ಲೇ ಕೂತಿದ್ದ. ಆ ಎಳೆಯೂ ಹರಿದರೆ ಸಾಲೆ ಇಲ್ಲ, ಮುಮ್ತಾಜಳ ಮುಂಬೈಯೂ ಇಲ್ಲ. ಅವಳು ಹೊರಡಲು ಇನ್ನೊಂದು ವಾರ ಇತ್ತು.

ಪಾರಿ ಆ ಪ್ರಶ್ನೆ ಕೇಳಿದ್ದು ಅಂಥ ಹೊತ್ತಿನಲ್ಲಿ.

ಮಧ್ಯಾಹ್ನ ಚಕ್ಕಡಿ ಹೊಡೆಯುವ ಮಲ್ಲೇಶಪ್ಪ ಒಬ್ಬನೇ ನಡೆದು ಬಂದ. ನಾಕಾಕ್ಕೆ ಹೊಸ ಸಾಹೇಬ ಬಂದಿದ್ದಾನೆ, ಸುಮ್ಮನೆ ಒಂದು ಬುಟ್ಟಿ ಕೊಯ್ಯಿಸಿದ, ಅಕ್ಕಿ ಸಿಕ್ಕಿತು, ಇನ್ನೊಂದು ಕೊಯ್ಯಿಸಿದ, ಅದರಲ್ಲೂ ಸಿಕ್ಕಿತು, ಎಲ್ಲವನ್ನೂ ಕೆಳಗಿಳಿಸಿದ್ದಾರೆ ಎಂದ. ಮೊದಲು ಏಡನ್ನಿಗೆ ಅಕ್ಕಿ ಕಳಿಸುತ್ತಿದ್ದ ಮನೆ ಇದೇ ಎಂದು ಯಾರೋ ಹೇಳಿದ್ದಾರೆ. ಈಗ ಹಿಡಿ ಹಿಡಿಯಾಗಿ ಹಂಚಿ ಕದ್ದು ಸಾಗಿಸುತ್ತಿದ್ದಾರೆಂದು ಸಾಹೇಬನ ತಲೆಗೆ ಹೊಕ್ಕಿದೆ. ಸಿಪಾಯಿಗಳು ಕುಲಸುಮಬಿಯನ್ನು ಮನೆಯಿಂದಲೇ ಕರೆದೊಯ್ದಿದ್ದಾರೆ. ಸಾವಕಾರರೂ ಉಗ್ರಾಣದ ಕೀಲಿ ಇರುವವರೂ ಬರಬೇಕಂತೆ.

ಕೀಲಿ ಹಾಲವ್ವನ ಸೊಂಟದಲ್ಲಿತ್ತು. ಅತ್ತೆ ತೀರಿದಂದಿನಿಂದ ಅದು ಅಲ್ಲೇ ಇತ್ತು. ಪಾರಿಯನ್ನು ದಾನವ್ವನ ಕೈಗೆ ಕೊಟ್ಟು ಮಾವನ ಜೊತೆ ಚಕ್ಕಡಿ ಹತ್ತಿದಳು. ಊರು ದಾಟಿದ ಮೇಲೆ ಶಿದ್ಲಿಂಗಪ್ಪ ಎತ್ತಿನ ಬಾಲ ನೋಡುತ್ತ ಹೇಳಿದರು.

"ಆಕಿ ಕದ್ಲು ಅಂದ್ರ ಮುಗೀತು. ಅಂಗಡಿ ಉಳೀತೈತಿ. ಆಕಿ ಮಗಳ ಮುಂಬೈನೂ ಉಳೀತೈತಿ. ನಾವು ಕೊಟ್ಟೇವಿ ಅಂದ್ರ ಏನೂ ಉಳಿಯಾಂಗಿಲ್ಲ."

ಕೆಟ್ಟ ಮನುಷ್ಯರಲ್ಲ ಅವರು. ಅದಕ್ಕೇ ಆ ಮಾತು ಹಾಲವ್ವನಿಗೆ ಹೆಚ್ಚು ಹೆದರಿಕೆ ತಂದಿತು.

ನಾಕಾದ ಕಟ್ಟೆಯ ಮುಂದೆ ಬುಟ್ಟಿಗಳು ಸಾಲಾಗಿ ಬಿಸಿಲಲ್ಲಿ ಬಿದ್ದಿದ್ದವು. ಒಳಗೆ ಸಾಹೇಬ ಮೇಜಿನ ಹಿಂದೆ ಕೂತಿದ್ದ. ಧಾರವಾಡ ಕಡೆಯ ಮಾತು, ನಿದ್ದೆಗೆಟ್ಟ ಮುಖ. ಮೇಜಿನ ಮೇಲೆ ಹಿತ್ತಾಳೆಯ ಪರಾತ, ಅದರ ತುಂಬ ಬಿಚ್ಚದ ಖಣದ ಗಂಟುಗಳು. ಕುಲಸುಮಬಿ ಗೋಡೆಗೆ ಒರಗಿ ಕುಕ್ಕರುಗಾಲಲ್ಲಿ ಕೂತಿದ್ದಳು. ಹಾಲವ್ವನನ್ನು ಕಂಡವಳೇ, ಬುಟ್ಟಿ ನೆರಳಿಗೆ ಇಟ್ಟಾರೇನು ಎಂದು ಕೇಳಿದಳು.

ಸಾಹೇಬ ಶಿದ್ಲಿಂಗಪ್ಪನವರನ್ನು ಕೂರಿಸಿ, ಬಾಗಿಲಲ್ಲೇ ನಿಂತಿದ್ದ ಹಾಲವ್ವನ ಕಡೆ ನೋಡಿದ. "ಈ ಹೆಣ್ಣುಮಗಳು, ನಾನ ಕದ್ದೇನಿ ಅಂತ ಒಪ್ಪಿಕೊಂಡಾಳ. ಕೀಲಿ ನಿಮ್ಮ ಕಡೆ ಐತೇನ್ರಿ?"

ಮಾವ ಹೇಳಿಕೊಡುವ ಮೊದಲೇ ಕುಲಸುಮಬಿ ಅದನ್ನೇ ಹೇಳಿಬಿಟ್ಟಿದ್ದಳು.

"ಹೂಂ ಅನ್ನವ್ವ ಹಾಲವ್ವ" ಎಂದಳು ಕುಲಸುಮಬಿ ಮೂಲೆಯಿಂದ. "ನಾ ಕದ್ದೇನಿ. ಸಾವಕಾರ್ರಿಗೆ ಗೊತ್ತಿಲ್ಲ, ನಿನಗೂ ಗೊತ್ತಿಲ್ಲ."

ಶಿದ್ಲಿಂಗಪ್ಪ ಗೋಡೆಯ ಮೇಲಿನ ಹಲ್ಲಿ ನೋಡುತ್ತಿದ್ದರು. ಎಲ್ಲರೂ ಒಂದೇ ಮಾತಿಗೆ ಕಾಯುತ್ತಿದ್ದರು. ಹಾಲವ್ವ ಬಾಯಿ ತೆರೆದಳು, ಆದರೆ ಹೂಂ ಎನ್ನಲು ನಾಲಿಗೆ ಹೊರಳಲಿಲ್ಲ. ಕದ್ದದ್ದಾದರೆ ಎಲ್ಲಿಂದ? ಕೀಲಿ ಅವಳ ಸೊಂಟ ಬಿಟ್ಟಿರಲಿಲ್ಲ. ಕಣಜದ ಅಕ್ಕಿಯ ಮೇಲೆ ಅವಳು ಅಂಗೈ ಒತ್ತಿ ಗುರುತು ಬಿಟ್ಟು ಮುಚ್ಚುತ್ತಿದ್ದಳು, ತವರಿನಲ್ಲಿ ಅವ್ವ ಕಲಿಸಿದ ರೂಢಿ. ನಿನ್ನೆ ತೆರೆದಾಗ ಆ ಗುರುತು ಹಾಗೇ ಇತ್ತು.

ಅವಳು ಮುಂದೆ ಬಂದು ಪರಾತದಲ್ಲಿದ್ದ ಒಂದು ಗಂಟು ಬಿಚ್ಚಿದಳು. ಯಾರೂ ಬೇಡ ಎನ್ನಲಿಲ್ಲ.

ಒಂದು ಅರಿಷಿಣ ಕೊಂಬು, ಸುತ್ತ ಕೆಂಪು ಕೆಂಪಾದ ದಪ್ಪಕ್ಕಿ. ಅರ್ಧ ನುಚ್ಚು. ನಡುವೆ ಹರಳು, ಒಂದೆರಡು ಹುಳ, ಹಳೇ ಗೋಣಿಚೀಲದ ಮುಗ್ಗಲು ವಾಸನೆ. ಹಾಲವ್ವ ಇನ್ನೊಂದು ಬಿಚ್ಚಿದಳು, ಅದೂ ಅದೇ. ಆಡೂರಿನ ಸಣ್ಣಕ್ಕಿಯ ಒಂದು ಕಾಳೂ ಇರಲಿಲ್ಲ. ತಲೆಯೆತ್ತಿ ಕುಲಸುಮಬಿಯ ಕಡೆ ನೋಡಿದಳು. ಕೊರಳಿನ ಎಲುಬು, ಸಡಿಲಾಗಿ ಮೊಣಕೈಗೆ ಜಾರಿದ ಬೆಳ್ಳಿ ಬಳೆ. ಇವೆಲ್ಲ ಎಂದಿನಿಂದ ಹೀಗಿದ್ದವು? ದಿನಾ ಕಾಣುವ ಮೈ ಕರಗಿದ್ದು ಕಣ್ಣಿಗೆ ಬಿದ್ದಿರಲಿಲ್ಲ.

"ಇದು ನಮ್ಮನಿ ಅಕ್ಕಿ ಅಲ್ಲರಿ" ಎಂದಳು. "ಆಕಿ ಕದ್ದಿಲ್ಲ. ಇದು ಆಕಿ ಉಣ್ಣೂ ಅಕ್ಕಿ."

ಸಾಹೇಬ ಒಂದು ಚಿಟಿಕೆ ಎತ್ತಿ ಹೆಬ್ಬೆರಳಿನಿಂದ ಉಜ್ಜಿ ನೋಡಿದ. ಹರಳನ್ನು ಉಗುರಿನಿಂದ ಸರಿಸಿದ. ಅವನ ಮುಖದ ಬಿಗಿ ಸ್ವಲ್ಪ ಸ್ವಲ್ಪವೇ ಬಿಟ್ಟಿತು.

"ರೇಷನ್ನಿಂದು" ಎಂದ. "ನಮ್ಮನಿಯಾಗೂ ಇದ ಐತಿ. ನನ್ನ ಹೇಣ್ತಿ ದಿನಾ ಇದನ್ನ ಆರಿಸಿ ಆರಿಸಿ ನನ್ನ ಬೈತಾಳ." ಕುಲಸುಮಬಿಯ ಕಡೆ ತಿರುಗಿ, ನಿನ್ನ ಪಾಲಿನದೇನು ಎಂದು ಕೇಳಿದ. ಅವಳು, ನಾ ಕದ್ದದ್ದು ಎಂದು ಬರೆದುಕೊಂಡರೆ ಬುಟ್ಟಿ ಬಿಡುತ್ತೀರಾ, ಇವತ್ತಿನ ರೈಲುಗಾಡಿ ತಪ್ಪಿದರೆ ಎಲೆ ಉಳಿಯುವುದಿಲ್ಲ ಎಂದಷ್ಟೇ ಹೇಳಿದಳು.

ಸಾಹೇಬ ಹೊರಗಿನ ಬುಟ್ಟಿಗಳನ್ನು ಒಮ್ಮೆ ನೋಡಿದ. ಆಮೇಲೆ ಪರಾತವನ್ನು ಮೇಜಿನ ಅಂಚಿಗೆ ತಳ್ಳಿದ.

"ಏಡನ್ನಿನ ಸೇಠ ಈ ಹರಳು ತಿನ್ನಾಕ ಹಡಗ ಕಳಸ್ತಾನ ಅಂತ ನಾ ಬರದು ಕಳಿಸಿದ್ರ, ಮ್ಯಾಲಿನವರು ನನ್ನ ಧಾರವಾಡದ ಹುಚ್ಚಾಸ್ಪತ್ರಿಗೆ ಹಾಕ್ತಾರ. ತಗೊಂಡ ಹೋಗ್ರಿ. ಇನ್ನ ಮ್ಯಾಲ ಬುಟ್ಟಿಯಾಗ ಒಂದ ಕಾಳ ಕಂಡ್ರ ಬಿಡೂದಿಲ್ಲ. ಉಡಿ ತುಂಬೂದಿದ್ರ ಹೆಣ್ಣಿಗೆ ತುಂಬ್ರಿ. ಹೆಣ್ಣಿನ ಉಡಿ ನನ್ನ ನಾಕಾದಾಗ ಯಾರೂ ಬಿಚ್ಚಸೂದಿಲ್ಲ."

ಕೊಯ್ದ ಬುಟ್ಟಿಗಳನ್ನು ಕುಲಸುಮಬಿ ಅಲ್ಲೇ ಕೂತು ಮತ್ತೆ ಹೊಲಿದಳು. ಹಾಲವ್ವ ಬಿಸಿಲಿಗೆ ಬಾಡಿದ ಎಲೆ ಆರಿಸಿ ತೆಗೆದುಕೊಟ್ಟಳು. ಎರಡು ಬುಟ್ಟಿ ಪೂರ್ತಿ ಹೋಗಿದ್ದವು, ಉಳಿದವು ಗಾಡಿ ಹತ್ತಿದವು. ಅವುಗಳ ಎದೆಯಲ್ಲಿ ಏನೂ ಇರಲಿಲ್ಲ. ಶಿದ್ಲಿಂಗಪ್ಪ ತಿರುಗಿ ಬರುವಾಗ ಚಕ್ಕಡಿ ಹತ್ತಲಿಲ್ಲ. ಹಿಂದೆ ನಡೆದುಕೊಂಡು ಬರುತ್ತೇನೆ, ನೀವಿಬ್ಬರೂ ಕುಂತು ಹೋಗಿರಿ ಎಂದರು. ಕುಲಸುಮಬಿಯ ಮುಖ ನೋಡಿ ಹೇಳಲಿಲ್ಲ.

ಚಕ್ಕಡಿಯಲ್ಲಿ ಹಾಲವ್ವನ ಹೆದರಿಕೆ ಸಿಟ್ಟಾಗಿ ತಿರುಗಿತು. ಇಷ್ಟು ದಿನ ಏನು ತಿನ್ನುತ್ತಿದ್ದಿ ಎಂದು ಗದರಿದಳು. ಮುಮ್ತಾಜಳ ಪಾಲು ಮುಟ್ಟಿಲ್ಲ, ತನ್ನ ಪಾಲು ಮಾತ್ರ ಎಂದಳು ಕುಲಸುಮಬಿ, ಅದೇನೋ ದೊಡ್ಡ ಸಮಾಧಾನ ಎಂಬಂತೆ. ಅಂಬಲಿ ಕುಡಿಯುತ್ತಿದ್ದಳಂತೆ. ಉಣ್ಣಲು ಮನೆಗೆ ಹೋಗುತ್ತೇನೆಂದು ಹೋಗಿ, ನೀರು ಕುಡಿದು ಬಾಯೊರೆಸಿಕೊಂಡು ಬರುತ್ತಿದ್ದಳಂತೆ.

"ಮಾವಾರು ಅಕ್ಕಿ ಇಡಬ್ಯಾಡ ಅಂದಿದ್ರಲ್ಲ ಖಾಲಾ."

"ಅವರ ಮನಿ ಅಕ್ಕಿ ಬ್ಯಾಡ ಅಂದ್ರು. ನನ್ನ ಅಕ್ಕಿ ಬ್ಯಾಡ ಅನ್ನಲಿಲ್ಲಲ್ಲ."

ಇದು ಕುಯುಕ್ತಿಯೂ ಅಲ್ಲ, ತಮಾಷೆಯೂ ಅಲ್ಲ, ಅವಳು ಹಾಗೇ ತಿಳಿದುಕೊಂಡಿದ್ದಳು. ಮನೆ ಮುಟ್ಟಿದ್ದೇ ಹಾಲವ್ವ ಅವಳನ್ನು ಅಡಿಗೆಮನೆಯ ಬಾಗಿಲಲ್ಲಿ ಕೂರಿಸಿ, ರೊಟ್ಟಿ ಪಲ್ಯ ಮುಂದಿಟ್ಟು, ತಿನ್ನುವವರೆಗೆ ಎದುರಿಗೇ ಕೂತಳು. ಮರುದಿನದಿಂದ ಮಧ್ಯಾಹ್ನದ ರೊಟ್ಟಿ ಇಲ್ಲೇ ಎಂದು ಗೊತ್ತುಮಾಡಿದಳು. ಮನೆಗೆ ಹೋಗಿ ಉಣ್ಣುತ್ತೇನೆ ಎಂದರೆ, ಪಾರಿಯನ್ನು ಕಾವಲಿಗೆ ಕಳಿಸುತ್ತೇನೆ, ಅದರ ಬಾಯಲ್ಲಿ ಏನೂ ನಿಲ್ಲುವುದಿಲ್ಲವೆಂದು ನಿನಗೇ ಗೊತ್ತು ಎಂದಳು.

ಮುಮ್ತಾಜ ಹೊರಡುವ ದಿನ ಬಂತು. ಮಲ್ಲೇಶಪ್ಪನ ಚಕ್ಕಡಿ ಓಣಿಯ ಬಾಯಲ್ಲಿ ನಿಂತಿತ್ತು. ವೀರವ್ವ ಅಕ್ಕೋರು ಮುಂಬೈಯವರೆಗೆ ಜೊತೆಗೆ ಹೋಗಿ ಬಿಟ್ಟು ಬರುವವರಿದ್ದರು. ಹುಡುಗಿ ಹೊಸ ಚಪ್ಪಲಿ ಮೆಟ್ಟಿ, ತಗಡಿನ ಟ್ರಂಕಿನ ಮೇಲೆ ಕೂತು, ಅಳಬಾರದೆಂದು ಪಾರಿಗೆ ಮಗ್ಗಿ ಹೇಳಿಸುತ್ತಿದ್ದಳು.

ಕುಲಸುಮಬಿ ಹಿತ್ತಲ ಬಾಗಿಲಿಂದ ಬಂದಳು. ಒಳಗೆ ಬರಲಿಲ್ಲ, ಹೊಸ್ತಿಲ ಆಚೆಯೇ ನಿಂತಳು. ಕೈಯಲ್ಲಿ ಹಸಿರು ಖಣ ಇತ್ತು. ಚೂರಲ್ಲ, ಇಡಿಯ ಖಣ.

"ನಮ್ಮ ದೊಡ್ಡಾಕಿನ್ನ ಗಂಡನ ಮನಿಗೆ ಕಳಸೂಮುಂದ ನಾ ಕದದ ಹಿಂದ ನಿಂತಿದ್ದೆ" ಎಂದಳು, ಯಾವುದೋ ಹಳೆಯ ಮಾತನ್ನು ಮುಂದುವರಿಸುವವಳಂತೆ. "ಗಂಡ ಸತ್ತಾಕಿ ಕೈ ಉಡಿಗೆ ಹತ್ತಬಾರದಂತ ನಮ್ಮ ಓಣ್ಯಾಗೂ ಅಂತಾರ, ನಿಮ್ಮ ಓಣ್ಯಾಗೂ ಅಂತಾರ. ಹಡದ ಮಗಳಿಗೆ ಒಂದ ಹಿಡಿ ಅಕ್ಕಿ ಹಾಕಲಿಲ್ಲ ನಾ. ಬುಟ್ಟಿ ಏನ ಕೇಳತೈತಿ? ನಿನ್ನ ಗಂಡ ಅದಾನೇನ ಸತ್ತಾನೇನ ಅಂತ ಅದು ಕೇಳೂದಿಲ್ಲ."

ಹಾಲವ್ವ ಸೌಟು ಕೆಳಗಿಟ್ಟು ಹೊಸ್ತಿಲಿಗೆ ಬಂದಳು. ಇಷ್ಟು ವರ್ಷ, ಇಷ್ಟು ಬುಟ್ಟಿ. ಸೇಠ ಅದನ್ನು ನಮೂನೆ ಎಂದ, ನಾಕಾದವರು ಕಳವು ಎಂದರು, ಹಾಲವ್ವ ಅವಳಿಗೆ ಹಿಡಿದ ಹುಚ್ಚು ಎಂದುಕೊಂಡಿದ್ದಳು, ದಾನವ್ವ ನಗೆಚಾಟಿಕೆ ಮಾಡಿದ್ದಳು. ಸಮುದ್ರ ದಾಟಿ ಗಿರಣಿಯನ್ನೂ ಸಾಲೆಯನ್ನೂ ಎಳೆದು ತಂದ ಆ ಹಿಡಿ ಅಕ್ಕಿ, ಕದದ ಹಿಂದೆ ನಿಂತವಳೊಬ್ಬಳ ಕೈಯಲ್ಲಿ ಉಳಿದುಹೋದದ್ದು.

ನೀನೇ ತುಂಬು ಖಾಲಾ, ಯಾರು ಏನು ಅನ್ನುತ್ತಾರೋ ನಾನು ನೋಡಿಕೊಳ್ಳುತ್ತೇನೆ ಎಂದಳು ಹಾಲವ್ವ. ಕುಲಸುಮಬಿ ಬೇಡವೆಂದು ತಲೆಯಲ್ಲಾಡಿಸಿದಳು. ಮಗಳು ಬಾಣಂತನ ಮಾಡಲು ಕಲಿಯಹೋಗುತ್ತಿದ್ದಾಳೆ, ಹಡೆಯುವವರ ಹಾಸಿಗೆಯ ಹತ್ತಿರ ಕೂರುವವಳು, ಗಂಡ ಸತ್ತವಳು ಉಡಿ ತುಂಬಿ ಕಳಿಸಿದಳೆಂಬ ಮಾತು ಅವಳ ಹಿಂದೆ ಊರಲ್ಲಿ ಉಳಿಯಬಾರದು ಎಂದಳು. ಆಮೇಲೆ ಖಣವನ್ನು ಎರಡೂ ಕೈಯಲ್ಲಿ ಹೊಸ್ತಿಲ ಈಚೆಗೆ ಚಾಚಿದಳು.

"ನೀ ತುಂಬತೀಯೇನು ನನ್ನವ್ವ? ರೇಷನ್ನಿಂದು ಬ್ಯಾಡ. ನಿನ್ನ ತವರಮನಿ ಆಡೂರ ಅಕ್ಕಿ, ಒಂದ ಹಿಡಿ. ನಾಕಾದಾಗ ಹೆಣ್ಣಿನ ಉಡಿ ಬಿಚ್ಚಸೂದಿಲ್ಲ ಅಂತ ಆ ಸಾಹೇಬ ಅಂದಾನ. ಈ ಸಲ ಖರೇನ ಹೆಣ್ಣಿಗೆ ತುಂಬೂಣು. ನೀ ತುಂಬು, ನಾ ಈ ಸಲ ಕದದ ಮುಂದ ನಿಂತ ನೋಡ್ತೇನಿ."